ಬದಲಿ ಆಳಿನ ಹೆಸರು

ಸಿಂಧನೂರು ಕಡೆಯ ನಮ್ಮ ತುರ್ವಿಹಾಳದಿಂದ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರು ಬಹಳ. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ಮನೆಯಲ್ಲಿ ಆಳು ಬೇಕು. ಆಗ ಅಲ್ಲಿದ್ದವರು ಊರಿಗೆ ಬಂದು, ತಮ್ಮ ಜಾಗಕ್ಕೆ ತಮ್ಮನನ್ನೋ ಮೈದುನನನ್ನೋ ಕಳಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ಮಾತ್ರ ಹಳೆಯ ಹೆಸರೇ ಇರುತ್ತದೆ. ಹೆಸರು ತೆಗೆದರೆ ಜಾಗ ಹೋದೀತು ಎಂಬ ಹೆದರಿಕೆ. ಇದು ತಪ್ಪೆಂದು ನಮಗೆ ಅನಿಸಿರಲಿಲ್ಲ.

ನಮ್ಮ ಗುಂಪಿನ ಹಾಜರಿ ಬರೆಯುತ್ತಿದ್ದವಳು ನಾನೇ. ಸಂಜೆ ಶಾಲೆಯಲ್ಲಿ ಓದು ಕಲಿತವಳೆಂದು ಮೇಸ್ತ್ರಿ ಶಾವಲಿ ನನಗೆ ಪುಸ್ತಕ ಕೊಟ್ಟಿದ್ದ. ಕಡಲಿಗೆ ಹತ್ತಿರದ ಕಟ್ಟಡ. ಹಿಂದೆ ನಮ್ಮ ತಗಡಿನ ಶೆಡ್ಡುಗಳು. ಒಂದೊಂದರಲ್ಲಿ ಎಂಟು ಜನ. ನಲವತ್ತು ಜನಕ್ಕೆ ಎರಡೇ ಪಾಯಖಾನೆ. ಅಲ್ಲಿನ ಮಳೆಗಾಲದಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ.

ನರಸಣ್ಣ ನಾಟಿಗೆಂದು ಊರಿಗೆ ಹೋದ. ಅವನ ಬದಲಿಗೆ ತಮ್ಮ ಲಕ್ಷ್ಮಣ ಬಂದ.

“ನಿನ್ನ ಹೆಸರು ಬರೀತೀನಪಾ, ಆಧಾರ್ ಕಾರ್ಡ್ ಕೊಡು,” ಎಂದೆ.

“ಬ್ಯಾಡಬೇ ಯಕ್ಕಾ, ಅಣ್ಣನ ಹೆಸರೇ ಇರ್ಲಿ. ತಿಂಗಳದಾಗ ಆತ ಬರ್ತಾನ.”

“ಏನರ ಹೆಚ್ಚುಕಮ್ಮಿ ಆದ್ರ?”

“ನನಗೇನಾಗ್ತೈತಿ? ನಿನ್ನ ಪೆನ್ನಿನ ಶಾಯಿ ಉಳಿಸ್ಕೋಬೇ!”

ಎಲ್ಲರೂ ನಕ್ಕರು. ಶಾವಲಿಯೂ ನಕ್ಕ. “ಗ್ಯಾನಮ್ಮ ಕಲೆಕ್ಟರ್ ಆಗ್ಯಾಳ ನೋಡ್ರಿ! ಇದ್ದಂಗ ಬರಿಯವ್ವಾ.”

ಇನ್ನೊಂದು ಮಾತು ಆಡಿದರೆ, ನಾಲ್ಕಕ್ಷರ ಕಲಿತ ಸೊಕ್ಕು ಎಂದಾರೇನೋ ಎನಿಸಿತು. ಸುಮ್ಮನಾದೆ. ಹದಿನೆಂಟು ದಿನ ‘ನರಸಣ್ಣ, ಹಾಜರ್’ ಎಂದೇ ಬರೆದೆ.

ಹತ್ತೊಂಬತ್ತನೆಯ ದಿನ ಮೂರನೆಯ ಅಂತಸ್ತಿನ ಒದ್ದೆ ಹಲಗೆಯ ಮೇಲೆ ಲಕ್ಷ್ಮಣನ ಕಾಲು ಜಾರಿತು. ಸೊಂಟಕ್ಕೆ ಸುರಕ್ಷತೆಯ ಬೆಲ್ಟ್ ಇರಲಿಲ್ಲ.

ಆಸ್ಪತ್ರೆಯಲ್ಲಿ ಹೆಸರು ಕೇಳಿದರು. ಶಾವಲಿ ನನ್ನ ಪುಸ್ತಕವನ್ನೇ ತೋರಿಸಿದ. ನಾನು ಬಾಯಿ ತೆರೆದೆ.

“ಸುಮ್ಕಿರು ಗ್ಯಾನಮ್ಮ,” ಎಂದು ಮೆಲ್ಲಗೆ ಗದರಿದ. “ಬದಲಿ ಆಳು ಅಂತ ಗೊತ್ತಾದ್ರ ಎಲ್ಲಾರನೂ ಹೊರಗ ಹಾಕ್ತಾರ.”

ಆಗಲೂ ಸುಮ್ಮನಾದೆ. ಮೂರನೆಯ ದಿನ ಲಕ್ಷ್ಮಣ ತೀರಿಕೊಂಡ. ಕಾಗದದಲ್ಲಿ ಸತ್ತವನು ನರಸಣ್ಣ.

ಪರಿಹಾರಕ್ಕೆ ಅರ್ಜಿ ಹಾಕಲು ಲಕ್ಷ್ಮಣನ ಹೆಂಡತಿ ಯಂಕಮ್ಮನ ಜೊತೆ ನಾನೂ ನರಸಣ್ಣನೂ ಸಿಂಧನೂರಿನ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆವು. ಗುಮಾಸ್ತರು ಕಾಗದ ತಿರುವಿ ಹಾಕಿದರು.

“ಸತ್ತಾತ ನರಸಣ್ಣ ಅಂತ ಐತಲ್ಲಮ್ಮ. ನೀ ಲಕ್ಷ್ಮಣನ ಹೆಂಡ್ತಿ ಅಂತಿ?”

ಪಕ್ಕದಲ್ಲಿದ್ದ ನರಸಣ್ಣ ಟವೆಲ್ ಬಾಯಿಗೆ ಒತ್ತಿಕೊಂಡ. “ಸಾಹೇಬ್ರ, ನರಸಣ್ಣ ಅಂದ್ರ ನಾನರಿ. ಬದುಕೀನಿ. ಹೋದಾವ ನನ್ನ ತಮ್ಮರಿ.”

ನಾನೂ ಹೇಳಿಕೆ ಬರೆದುಕೊಟ್ಟೆ. ಎಂಟು ತಿಂಗಳಾಯಿತು, ಹೆಸರಿನ ತಿದ್ದುಪಡಿ ಇನ್ನೂ ಮುಗಿದಿಲ್ಲ, ಪರಿಹಾರವೂ ಬಂದಿಲ್ಲ. ಯಂಕಮ್ಮ ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಳೆದ ತಿಂಗಳು ನರಸಣ್ಣನೂ ಯಂಕಮ್ಮನೂ ಮಂಗಳೂರಿನಲ್ಲಿ ನಾನೀಗ ಹಾಜರಿ ಬರೆಯುವ ಬೇರೊಂದು ಕಟ್ಟಡದ ಕೆಲಸಕ್ಕೆ ಬಂದರು. ಮೊದಲ ದಿನವೇ ಇಬ್ಬರೂ ಆಧಾರ್ ಕಾರ್ಡ್ ಮುಂದೆ ಹಿಡಿದರು. ನಾನು ಬರೆದೆ.

“ಏನು ಬರದಿ, ಓದಬೇ ಯಕ್ಕಾ,” ಎಂದಳು ಯಂಕಮ್ಮ.

“ಯಂಕಮ್ಮ, ಗಂಡ ಲಕ್ಷ್ಮಣ, ತುರ್ವಿಹಾಳ.”

ಅವಳು ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟಳು. “ಇನ್ನೊಮ್ಮೆ ಓದು,” ಎಂದಳು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ದುಡಿಯಲು ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ಬದಲಿಗೆ ಹೋದರೂ ಮೊದಲ ದಿನವೇ ನಿಮ್ಮ ಸ್ವಂತ ಹೆಸರು ಬರೆಸಿ. ಕೆಲಸದ ಜಾಗದ ವಿಳಾಸ ಮನೆಯವರಿಗೆ ಕೊಟ್ಟು ಹೋಗಿ. ಬೆಲ್ಟ್ ಕೊಡದೆ ಮೇಲೆ ಹತ್ತಿಸಿದರೆ ಹತ್ತಬೇಡಿ. ವರ್ಷದಲ್ಲಿ ತೊಂಬತ್ತು ದಿನ ಕಟ್ಟಡದ ಕೆಲಸ ಮಾಡಿದ್ದರೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ, ಕಟ್ಟಡ ಕಾರ್ಮಿಕರಾಗಿ ನೋಂದಾಯಿಸಿಕೊಳ್ಳಿ.

ನನ್ನಂತೆ ಹಾಜರಿ ಬರೆಯುವವರಿಗೆ ಒಂದೇ ಮಾತು. ಯಾರು ನಕ್ಕರೂ ಸರಿ, ಎದುರಿಗೆ ನಿಂತವನ ಹೆಸರನ್ನೇ ಬರೆಯಿರಿ.