ಹಿರಿಯರ ಸಾಲಿನಲ್ಲಿ

ಸಾಂಬ್ರಾಣಿ ಹೊಗೆ ಫೋನಿನ ಗಾಜಿನವರೆಗೂ ಬಂದು ಹರಡಿಕೊಳ್ಳುತ್ತಿದೆ, ವಾಸನೆ ಮಾತ್ರ ಈ ಕಡೆಗೆ ದಾಟುವುದಿಲ್ಲ, ನನ್ನ ಕೋಣೆಯಲ್ಲಿರುವುದು ಹೀಟರ್ ಮೇಲೆ ಒಣಗುತ್ತಿರುವ ಕಾಲುಚೀಲದ ವಾಸನೆ, ಪೋಲೆಂಡಿನ ಮಧ್ಯಾಹ್ನ ಅಂದರೆ ನನ್ನ ಪಾಲಿಗೆ ಇಷ್ಟೇ — ಗುಬ್ಬಿಯಲ್ಲಿ ಆಗಲೇ ದೀಪ ಹಚ್ಚುವ ಹೊತ್ತು, ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ, ಮಂಜೂ ಕಾಣ್ತಾ ಐತೇನೇ, ಕಾಣ್ತಾ ಇದೆ ಕಣಮ್ಮ, ಎಲ್ಲಾ ಕಾಣ್ತಾ ಇದೆ, ಬಾಳೆಎಲೆ, ಮುದ್ದೆ, ಕೋಳಿಸಾರು, ಕಜ್ಜಾಯ, ಅಜ್ಜಿಗೆ ಎಲೆಅಡಿಕೆ, ತಾತನಿಗೆ ಒಂದು ಕಟ್ಟು ಬೀಡಿ, ಬದುಕಿದ್ದಾಗ ಕೆಮ್ಮುತ್ತೀರಿ ಅಂತ ಕಿತ್ತುಕೊಳ್ಳುತ್ತಿದ್ದ ಅಮ್ಮನೇ ಈಗ ಬೆಂಕಿಪೊಟ್ಟಣ ಸಮೇತ ಇಡುತ್ತಾಳೆ, ಬೀರಯ್ಯ ತಾತ ಗೆದ್ದರು ಬಿಡಿ. ಅಪ್ಪ ಹಿರೇಹಳ್ಳಿ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ನೆಟ್ಟಗೆ ಬಂದವರು, ನನಗೆ ತೋರಿಸಲೆಂದು ಫೋನು ಎತ್ತಿ ಹಿಡಿದು ತೋಳು ಸೋತಿತು, ಅಲ್ಲೇ ಗೋಡೆಗೆ ಒರಗ್ಸೋ ಅನಂತರಾಜು, ಅವ್ಳೂ ನೋಡ್ಲಿ ಅಂದರು ಕುಣಿಗಲ್ ದೊಡ್ಡಪ್ಪ, ಅಪ್ಪ ಒರಗಿಸಿದರು, ತಾತನ ಫೋಟೊಗೂ ಪುಟ್ಟಗಂಗಮ್ಮಜ್ಜಿಯ ಫೋಟೊಗೂ ನಡುವೆ, ಯಾರಿಗೂ ಏನೂ ಅನ್ನಿಸಲಿಲ್ಲ. ಈಗ ಅವರಿಬ್ಬರಿಗೆ ಏನು ಕಾಣುತ್ತದೋ ನನಗೂ ಅದೇ ಕಾಣುತ್ತಿದೆ, ಮುಂದೆ ಎಲೆಗಳು, ಅದರಾಚೆ ಕೈಮುಗಿದು ನಿಂತ ನಮ್ಮವರು, ಎಲ್ಲರೂ ನನಗೇ ಕೈಮುಗಿಯುತ್ತಿರುವ ಹಾಗಿದೆ, ನಗು ಬಂತು, ತಡೆದುಕೊಂಡೆ.

ಇವತ್ತು ಹೇಳಿಯೇಬಿಡುತ್ತೇನೆ ಅಂದುಕೊಂಡಿದ್ದೆ, ಅಮ್ಮ ನನಗಿಲ್ಲಿ ಆಗ್ತಿಲ್ಲ, ವಾಪಸ್ ಬಂದ್ಬಿಡ್ತೀನಿ, ಬೆಳಿಗ್ಗೆಯಿಂದ ಅದನ್ನೇ ಬಾಯಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ. ಓದು ಕಷ್ಟವಲ್ಲ, ಅಂಕ ಚೆನ್ನಾಗಿಯೇ ಬರುತ್ತಿದೆ, ಜನ ಕೆಟ್ಟವರೂ ಅಲ್ಲ, ಕಂಡರೆ ಮುಗುಳ್ನಗುತ್ತಾರೆ, ಬಾಗಿಲು ಹಿಡಿದುಕೊಂಡು ನಿಲ್ಲುತ್ತಾರೆ, ಆಮೇಲೆ ಹೋಗಿಬಿಡುತ್ತಾರೆ, ಶುಕ್ರವಾರದಿಂದ ಇಲ್ಲಿ ನಾನು ಬಾಯಿಬಿಟ್ಟು ಮಾತಾಡಿದ್ದು ಅಂಗಡಿಯಲ್ಲಿ ದುಡ್ಡು ತೆಗೆದುಕೊಳ್ಳುವ ಯಂತ್ರದ ಜೊತೆ, ಥ್ಯಾಂಕ್ಸ್ ಅಂದೆ, ಅದು ಚೀಟಿ ಕೊಟ್ಟಿತು. ತುಮಕೂರಿನ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸರೂ ತಮ್ಮ ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟು, ಯಾರ್ ಮಗ್ಳವ್ವಾ ನೀನು, ಮದ್ವೆ ಆಗೈತಾ ಅಂತ ಕೇಳೋರು, ಮೈಯೆಲ್ಲ ಉರಿದುಹೋಗುತ್ತಿತ್ತು, ಕಿವಿಗೆ ಇಯರ್‌ಫೋನ್ ತುರುಕಿಕೊಳ್ಳುತ್ತಿದ್ದೆ, ಈಗ ಇಲ್ಲಿಯ ಟ್ರ್ಯಾಮಿನಲ್ಲಿ ಪಕ್ಕದ ಸೀಟು ಖಾಲಿಯೇ ಇರುತ್ತದೆ, ಯಾರಾದರೂ ಕೇಳಲಿ, ಯಾರ ಮಗಳು ಅಂತ ಒಬ್ಬರು ಕೇಳಿಬಿಡಲಿ, ರಂಗಲಕ್ಷ್ಮಮ್ಮನ ಮಗಳು ಅಂತ ಕೂಗಿ ಹೇಳುತ್ತೇನೆ. ಆದರೆ ಪ್ರತಿದಿನ ಅಮ್ಮ ಕೇಳಿದಾಗ ನಾಲಿಗೆ ತಾನಾಗಿ ಹೊರಳುತ್ತದೆ, ಚೆನ್ನಾಗಿದೀನಮ್ಮ, ಊಟ ಆಯ್ತಮ್ಮ, ಇಲ್ಲಿ ಎಲ್ಲಾ ಸಿಗುತ್ತಮ್ಮ — ಊರವರಿಗೆಲ್ಲ ಹೇಳಿಕೊಂಡು ಕಳಿಸಿದ್ದಾಳೆ, ಹೇಗೆ ಹೇಳಲಿ, ಪೂಜೆ ಮುಗಿಯಲಿ, ಅವಳು ಒಬ್ಬಳೇ ಸಿಗಲಿ, ಆಗ —

ನಡೀರಿ ನಡೀರಿ, ಎಲ್ರೂ ಈಚೆ ಬನ್ನಿ, ಅವ್ರು ಬಂದು ಉಣ್ಲಿ, ಅಮ್ಮನ ದನಿ, ಲೈಟು ಆರಿತು, ಬಾಗಿಲು ಮುಚ್ಚಿಕೊಂಡಿತು, ನಾನು ಒಳಗೇ ಉಳಿದೆ. ಎಡೆ ಇಟ್ಟ ಮೇಲೆ ಕೋಣೆಯಲ್ಲಿ ಯಾರೂ ಇರಬಾರದು, ಹಿರಿಯರು ನಾಚಿಕೊಂಡು ತಿರುಗಿ ಹೋಗುತ್ತಾರೆ, ಚಿಕ್ಕವಳಿದ್ದಾಗ ಕಿಟಕಿಯಲ್ಲಿ ಇಣುಕಿದ್ದಕ್ಕೆ ಅಜ್ಜಿ ಬೆನ್ನಿಗೆ ಗುದ್ದಿದ್ದಳು, ಇವತ್ತು ಫೋನನ್ನೇ ಮರೆತು ಹೋಗಿದ್ದಾರೆ, ನಮ್ಮ ಮನೆಯಲ್ಲಿ ಬದುಕಿರುವವರು ಯಾರೂ ಇರದ ಜಾಗದಲ್ಲಿ ನನ್ನನ್ನು ಕೂರಿಸಿ ಹೋಗಿದ್ದಾರೆ. ಕೂಗಲೇ, ಅಮ್ಮ ಗಾಬರಿಯಾಗುತ್ತಾಳೆ, ಕರೆ ಕತ್ತರಿಸಲೇ, ಕತ್ತರಿಸಿದರೆ ಇಲ್ಲಿ ಈ ನನ್ನ ಕೋಣೆಗೆ ನಾನೊಬ್ಬಳೇ. ದೀಪ ಅಲುಗುತ್ತಿದೆ, ಮುದ್ದೆಯ ಮೇಲಿನ ಹಬೆ ನಿಂತಿದೆ, ಯಾರೂ ಬರುತ್ತಿಲ್ಲ, ಅಥವಾ ಬಂದಿದ್ದಾರೋ, ಅಜ್ಜಿ, ನಿನಗೂ ಹೀಗೇ ಅನ್ನಿಸುತ್ತದಾ, ಎಲ್ಲ ಕಾಣುತ್ತದೆ, ಯಾವುದೂ ಕೈಗೆ ಸಿಗುವುದಿಲ್ಲ, ನನಗೆ ಹಸಿವಾಗಿದೆ ಅಜ್ಜಿ, ಬೆಳಿಗ್ಗೆ ತಿಂದ ಬ್ರೆಡ್ಡು ಬಿಟ್ಟರೆ ಏನೂ ಇಲ್ಲ, ಅಳು ಬರುತ್ತಿದೆ. ಬಾಗಿಲ ಕೆಳಗೆ ಬೆಳಕಿನ ಗೆರೆ, ಆ ಗೆರೆಯಲ್ಲಿ ಎರಡು ಪಾದಗಳ ನೆರಳು ಬಂದು ನಿಂತಿತು, ಅತ್ತೆ, ಅಂದಳು ಅಮ್ಮ, ಗುಟ್ಟು ಹೇಳುವ ದನಿಯಲ್ಲಿ, ಅತ್ತೆ, ಉಂಡ್ಕಂಡು ಹೋಗ್ವಾಗ ಒಂದ್ ಕೆಲ್ಸ ಮಾಡಿ, ನಮ್ ಮಂಜು ದಿನಾ ಚೆನ್ನಾಗಿದೀನಿ ಅಂತಾಳೆ, ಮುಖ ನೋಡಿದ್ರೆ ಹಂಗನ್ಸಲ್ಲ, ಕೇಳಿದ್ರೆ ಹೇಳಲ್ಲ, ನಾನಂತೂ ಹೋಗಕ್ಕಾಗಲ್ಲ, ನಿಮ್ಗೆ ವೀಸಾ ಗೀಸಾ ಏನೂ ಬ್ಯಾಡವಲ್ಲ, ಒಂದ್ಸಲ ಹೋಗಿ ನೋಡ್ಕಂಬನ್ನಿ, ನಿಜ ಹೇಳಿ ಅತ್ತೆ, ನಮ್ಮುಡುಗಿ ಅಲ್ಲಿ ಚೆನ್ನಾಗವ್ಳಾ — ಪಾದಗಳು ಕದಲುವುದಿಲ್ಲ, ಉತ್ತರಕ್ಕೆ ಕಾಯುತ್ತಿದ್ದಾಳೆ, ನಿಜಕ್ಕೂ ಕಾಯುತ್ತಿದ್ದಾಳೆ, ಇಲ್ಲಮ್ಮ ಅಂದೆ, ಇಲ್ಲ, ದನಿ ಹೊರಟಿತೋ ಇಲ್ಲವೋ, ಇಲ್ಲಮ್ಮ ಚೆನ್ನಾಗಿಲ್ಲ, ಈ ಸಲ ಹೊರಟಿತು, ಫೋನಿನಿಂದ ಆ ಮುಚ್ಚಿದ ಕೋಣೆಯ ತುಂಬ ಕೇಳಿಸಿತು, ಬಾಗಿಲಾಚೆ ಉಸಿರು ಎಳೆದುಕೊಂಡ ಸದ್ದು, ಬಾಗಿಲು ತೆರೆಯುವುದಿಲ್ಲ, ಬೆಳಕಿನ ಗೆರೆ, ಅದರಲ್ಲಿ ಎರಡು ಪಾದಗಳ ನೆರಳು, ಹತ್ತಿರವೂ ಬಾರದೆ, ದೂರವೂ ಹೋಗದೆ, ಎರಡು ಪಾದಗಳು.