ಏಳನೇ ಜಾಗ

ಅಳಿಸೋದರಲ್ಲಿ ನನ್ನದು ಎತ್ತಿದ ಕೈ. ಜಂಬ ಕೊಚ್ಚಿಕೊಳ್ತಿಲ್ಲ, ಯಾರನ್ನಾದರೂ ಕೇಳಿ. ಮದುಮಗಳ ಮೊಡವೆ, ಮಾವನವರ ಹೊಟ್ಟೆ, ಜಗಳ ಆಡಿ ಮನೆ ಬಿಟ್ಟ ಅಳಿಯ, ಎಲ್ಲರೂ ನನ್ನ ಕಂಪ್ಯೂಟರಿನಲ್ಲಿ ಮಾಯವಾಗಿದ್ದಾರೆ. ಜೀವಮಾನದಲ್ಲಿ ಕೋಟು ಮುಟ್ಟದವರಿಗೆ ಸತ್ತ ಮೇಲೆ ಕೋಟು ತೊಡಿಸಿ, ಮುಚ್ಚಿದ ಕಣ್ಣು ತೆರೆಸಿ, ಫ್ರೇಮು ಹಾಕಿ ಕೊಟ್ಟಿದ್ದೀನಿ. ಸ್ಟುಡಿಯೋ ಬೋರ್ಡಿನಲ್ಲಿ ಏನೇ ಬರೆದಿರಲಿ, ಜನ ಕರೆಯೋದು ರಬ್ಬರ್ ಅಕ್ಕ ಅಂತಲೇ. ಆದ್ದರಿಂದ ನಾನೇನೋ ಹರಿಶ್ಚಂದ್ರನ ಮೊಮ್ಮಗಳು, ಫೋಟೋದಲ್ಲಿ ಸುಳ್ಳು ಸಹಿಸೋದೇ ಇಲ್ಲ ಅಂತ ದಯವಿಟ್ಟು ತಿಳ್ಕೋಬೇಡಿ.

ಸ್ಮಾರಕ ಕಚೇರಿಯ ಸಾಹೇಬರು ಬಂದು, ಹೊಸ ಸಭಾಂಗಣದ ಗೋಡೆಗೆ ಸೈನಿಕರ ಸಮಾಧಿಗಳ ದೊಡ್ಡ ಫೋಟೋ ಬೇಕು ಅಂದರು. ನಾನು ಒಪ್ಪಿಕೊಂಡಿದ್ದು ಅತ್ತೆಗೋಸ್ಕರ. ಅತ್ತೆ ಅಂದರೆ ನಮ್ಮಪ್ಪನ ಅಕ್ಕ, ನನ್ನನ್ನ ಸಾಕಿದವಳು. ಆ ಸಮಾಧಿಗಳ ಮುಂದಿನ ಸಾಲಿನಲ್ಲೇ ಅವಳ ಕೊನೇ ತಮ್ಮ, ನನ್ನ ಚಿಕ್ಕಪ್ಪ, ಮಲಗಿದ್ದಾನೆ. ಹದಿಮೂರು ಜನರ ಸಾಲು. ಕಲ್ಲು ಮಾತ್ರ ಹನ್ನೆರಡು. ನಟ್ಟ ನಡುವೆ, ಏಳನೇ ಜಾಗದಲ್ಲಿ, ಬರೀ ಹುಲ್ಲು.

ಚಿಕ್ಕಪ್ಪ ಸೈನ್ಯದಲ್ಲಿ ಲಾರಿ ಡ್ರೈವರ್. ಇಪ್ಪತ್ತೈದು ವರ್ಷದ ಹಿಂದೆ, ಯುದ್ಧದಲ್ಲಿ, ಗಾಯಗೊಂಡ ಹನ್ನೆರಡು ಜನರನ್ನ ಅಲ್ಲೇ ಬಿಟ್ಟು ವಾಪಸ್ ಬಾ ಅಂತ ಅವನಿಗೆ ಆಜ್ಞೆ ಬಂತು. ಅವನು ರೇಡಿಯೋದಲ್ಲಿ "ಕರ್ಕೊಂಡೇ ಬರ್ತೀನಿ" ಅಂದು ಲಾರಿ ತಿರುಗಿಸಿದ. ಎಲ್ಲರನ್ನೂ ಹತ್ತಿಸಿಕೊಂಡು ಬರ್ತಿರೋವಾಗ ಲಾರಿ ಮೇಲೆ ಬಾಂಬು ಬಿತ್ತು. ಒಬ್ಬರೂ ಉಳಿಯಲಿಲ್ಲ. ಒಟ್ಟಿಗೆ ಸಿಕ್ಕವರನ್ನ ಒಂದೇ ಸಾಲಲ್ಲಿ ಹೂಳಿದರು. ಕಲ್ಲು ಬಂದಾಗ ಹನ್ನೆರಡೇ ಬಂದವು. ಆಜ್ಞೆ ಮೀರಿದವನಿಗೆ ಕಲ್ಲಿಲ್ಲವಂತೆ! ಅವತ್ತಿನಿಂದ ಅತ್ತೆ ಬರೆದ ಅರ್ಜಿಗಳನ್ನ ಒಟ್ಟು ಮಾಡಿದರೆ ತಲೆದಿಂಬಾಗುತ್ತೆ. ಎಲ್ಲಕ್ಕೂ ಒಂದೇ ಉತ್ತರ, ಪರಿಶೀಲನೆಯಲ್ಲಿದೆ.

ಫೋಟೋ ತೆಗೆಯೋಕೆ ಬೆಳಗ್ಗೆ ಏಳಕ್ಕೇ ಹೋದ್ವಿ. ಬಿಸಿಲು ಓರೆಯಾಗಿ ಬಿದ್ದರೆ ಕಲ್ಲಿನ ಮೇಲಿನ ಅಕ್ಷರ ಎದ್ದು ಕಾಣುತ್ತೆ. ನಾನು ಏಣಿ ಹತ್ತಿದೆ. ಕೆಳಗೆ ಅತ್ತೆ ಏಳನೇ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳ್ತಿದ್ದಳು.

"ಅತ್ತೆ, ಪಕ್ಕಕ್ಕೆ ಬಾ. ಫೋಟೋದಲ್ಲಿ ಬೀಳ್ತೀಯ."

"ತಡಿಯೇ, ಮಾರಾಯ್ತಿ. ಅವನಿಗೆ ಮುಖ ತೊಳೆಸದೆ ಯಾವತ್ತಾದ್ರೂ ಫೋಟೋಕ್ಕೆ ನಿಲ್ಲಿಸಿದ್ದೀನಾ?"

ಅವಳು ಸೀರೆ ಕೊಡವಿಕೊಂಡು ಈಚೆ ಬಂದ ಮೇಲೆ ಕ್ಲಿಕ್ ಮಾಡಿದೆ. ಹುಲ್ಲಿನ ಮೇಲೆ ಹನ್ನೆರಡು ನೆರಳು ಉದ್ದಕ್ಕೆ ಬಿದ್ದಿದ್ದವು.

ಮಾರನೇ ದಿನ ಸಾಹೇಬರು ಸ್ಟುಡಿಯೋದ ಒಳಕೋಣೆಗೆ ಬಂದು, ನನ್ನ ಬೆನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತರು. ಕಾಗೆ ತೆಗೀರಿ ಅಂದರು, ತೆಗೆದೆ. ನೀರಿನ ಪೈಪು ತೆಗೀರಿ ಅಂದರು, ತೆಗೆದೆ. ಆಕಾಶ ಇನ್ನೊಂಚೂರು ನೀಲಿ ಅಂದರು. ಅದಕ್ಕೇನಂತೆ, ಬಳಿದೆ. ಆಮೇಲೆ ಪೆನ್ನಿನ ತುದಿಯನ್ನ ಏಳನೇ ಜಾಗಕ್ಕೆ ಒತ್ತಿದರು.

"ಇದೊಂದು ಹಲ್ಲು ಬಿದ್ದ ಬಾಯಿ ಥರ ಕಾಣ್ತಿದೆ ಮೇಡಂ. ಪಕ್ಕದ ಕಲ್ಲನ್ನೇ ಎತ್ತಿ ಇಲ್ಲಿಡಿ."

"ಪಕ್ಕದ ಕಲ್ಲಲ್ಲಿ ಹೆಸರಿದೆಯಲ್ಲ ಸಾರ್."

"ಅಳಿಸಿ. ನಿಮಗೆ ನಾನು ಹೇಳಿಕೊಡಬೇಕಾ?"

"ಅಲ್ಲಿ ಮಲಗಿರೋದು ನಮ್ಮ ಚಿಕ್ಕಪ್ಪ."

ಸಾಹೇಬರು ಪೆನ್ನಿಗೆ ಕ್ಯಾಪ್ ಹಾಕಿದರು. ಆಮೇಲೆ ನಕ್ಕರು. "ಹಾಗಿದ್ರೆ ಒಳ್ಳೇದೇ ಆಯ್ತಲ್ಲ! ಚಿತ್ರದಲ್ಲಾದ್ರೂ ಒಂದು ಕಲ್ಲು ಸಿಕ್ತು. ಖುಷಿಪಡಿ. ತುಂಬಿಸಿ ನೇರ ಪ್ರಿಂಟಿಗೆ ಕಳಿಸಿಬಿಡಿ, ನಾನು ಊರಲ್ಲಿರಲ್ಲ."

ಮೈಯೆಲ್ಲ ಉರಿದುಹೋಯ್ತು. ಅವರು ಕುಡಿದಿಟ್ಟ ಟೀ ಲೋಟವನ್ನ ಎರಡು ಸಲ ತೊಳೆದೆ.

ಆದರೂ ನಿಜ ಹೇಳ್ತೀನಿ, ಆಸೆ ಆಯ್ತು. ಬರೀ ಕಲ್ಲು ಯಾಕೆ, ಹೆಸರೇ ಕೆತ್ತೋಣ ಅನ್ನಿಸ್ತು. ಪಕ್ಕದ ಕಲ್ಲನ್ನ ನಕಲು ಮಾಡಿ ಇಟ್ಟು, ಅದರ ಹೆಸರು ಒರೆಸಿದೆ. ಚಿಕ್ಕಪ್ಪನ ಹೆಸರಿಗೆ ಬೇಕಾದ ಅಕ್ಷರಗಳನ್ನ ಆ ಹನ್ನೆರಡು ಕಲ್ಲುಗಳಿಂದಲೇ ಆರಿಸಿಕೊಂಡೆ. ಒಬ್ಬನಿಂದ ಒಂದು, ಇನ್ನೊಬ್ಬನಿಂದ ಇನ್ನೊಂದು. ಇವನು ಯಾರಿಗೋಸ್ಕರ ಲಾರಿ ತಿರುಗಿಸಿದ್ದನೋ ಅವರೇ ಕೊಡಲಿ ಬಿಡು ಅಂದುಕೊಂಡೆ. ಹುಲ್ಲಿನ ಮೇಲೆ ನೆರಳನ್ನೂ ಮಲಗಿಸಿದೆ. ಮಧ್ಯಾಹ್ನದ ಊಟವೂ ಮರೆತುಹೋಗಿತ್ತು. ನನ್ನ ಕೈಯಲ್ಲಿ ಅಷ್ಟು ಚೆನ್ನಾದ ಕೆಲಸ ಇನ್ನೊಂದು ಆಗಿಲ್ಲ.

ಅತ್ತೆಯನ್ನ ಕರೆದು ತೋರಿಸಿದೆ. ಅವಳು ಕನ್ನಡಕ ಒರೆಸಿಕೊಂಡು ನೋಡಿದಳು. ಪರದೆ ಮೇಲೆ ಬೆರಳಿಟ್ಟು ಹೆಸರನ್ನ ಅಕ್ಷರ ಅಕ್ಷರವಾಗಿ ಸವರಿದಳು.

"ಅಳಿಸು" ಅಂದಳು.

"ಅತ್ತೆ!"

"ಅಳಿಸೇ ಅಂದ್ರೆ. ಗೋಡೆ ಮೇಲೆ ಕಲ್ಲು ಸಿಕ್ಕಿಬಿಟ್ರೆ ನೆಲದ ಮೇಲೆ ಯಾವನು ಇಡ್ತಾನೆ? ನಾಳೆ ಅರ್ಜಿ ಹಿಡ್ಕೊಂಡು ಹೋದ್ರೆ, ನೋಡಮ್ಮ, ಸಾಲು ಭರ್ತಿ ಇದೆ, ನಿನ್ನದೇನು ಗೋಳು ಅಂತಾರೆ. ಕೊಡಲಿಲ್ಲ ಅನ್ನೋದಕ್ಕೆ ನನ್ನ ಹತ್ರ ಇರೋ ಸಾಕ್ಷಿ ಆ ಖಾಲಿ ಜಾಗ ಒಂದೇ. ಅದನ್ನೂ ನೀನೇ ಮುಚ್ಚಿಹಾಕ್ತೀಯಾ?"

ಇಷ್ಟು ವರ್ಷ ಊರೆಲ್ಲ ಅಳಿಸಿದ್ದೀನಿ, ಎಲ್ಲಾ ಒಂದೇ ಏಟಿಗೆ. ಅವತ್ತು ಚಿಕ್ಕಪ್ಪನ ಹೆಸರು ಮಾತ್ರ ಒಂದೊಂದೇ ಅಕ್ಷರವಾಗಿ ಅಳಿಸಿದೆ. ಕಲ್ಲು ಹೋಯ್ತು, ನೆರಳು ಹೋಯ್ತು. ಸಿಟ್ಟಿಗೆ ಕಾಗೆಯನ್ನೂ ಪೈಪನ್ನೂ ವಾಪಸ್ ತಂದೆ, ಆಕಾಶದ ನೀಲಿಯನ್ನೂ ಇಳಿಸಿದೆ. ಕ್ಯಾಮೆರಾ ಕಂಡಿದ್ದನ್ನೇ ಗೋಡೆಯಗಲಕ್ಕೆ ಪ್ರಿಂಟ್ ಹಾಕಿಸಿ, ಮೇಲೆ ಬಟ್ಟೆ ಮುಚ್ಚಿಸಿ ಕಳಿಸಿದೆ. ಕಚೇರಿ ಕೆಲಸ ಇನ್ನು ಜನ್ಮದಲ್ಲಿ ಸಿಗಲ್ಲ ಅಂತ ಗೊತ್ತಿತ್ತು. ಹೋದ್ರೆ ಹೋಗಲಿ.

ಸಭಾಂಗಣದ ಉದ್ಘಾಟನೆಗೆ, ವರ್ಷ ವರ್ಷ ಸಮಾಧಿ ಹತ್ತಿರ ನಡೆಯೋ ಸ್ಮರಣೆ ದಿನದ ಹಾಗೇ, ಹನ್ನೆರಡು ಮನೆಯವರಿಗೂ ಆಹ್ವಾನ ಇತ್ತು. ಅತ್ತೆಗೆ ಯಾವ ವರ್ಷವೂ ಇಲ್ಲ. ನನ್ನ ಕ್ಯಾಮೆರಾ ಸ್ಟ್ಯಾಂಡ್ ಹೊತ್ತುಕೊಂಡು ಒಳಗೆ ಬಂದಳು. ಸಾಹೇಬರು ಭಾಷಣ ಮುಗಿಸಿ ದಾರ ಎಳೆದರು, ಬಟ್ಟೆ ಜಾರಿತು. ಜನ ಚಪ್ಪಾಳೆ ತಟ್ಟಿದರು. ಸಾಹೇಬರು ತಿರುಗಿ ನೋಡಿದರು, ಮುಖ ಹುಳ್ಳಗಾಯ್ತು.

"ಸ್ಟುಡಿಯೋದವರ ತಪ್ಪು" ಅಂದರು ಮೈಕಿನಲ್ಲೇ. "ಇವತ್ತೇ ಇಳಿಸಿ ಸರಿ ಮಾಡಿಸ್ತೀವಿ."

"ತಪ್ಪು ನನ್ನದಲ್ಲ ಸಾರ್" ಅಂದೆ. ನನಗೆ ಮೈಕು ಬೇಕಾಗಲಿಲ್ಲ. "ಅಲ್ಲಿ ಇದ್ದಿದ್ದನ್ನೇ ಫೋಟೋ ತೆಗೆದಿದ್ದೀನಿ. ನೀವು ಅಲ್ಲಿ ಕಲ್ಲಿಡಿ, ಮಾರನೇ ಬೆಳಗ್ಗೇನೇ ಬಂದು ಮತ್ತೆ ತೆಗೀತೀನಿ. ಪುಕ್ಕಟೆ!"

ಮುಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಎದ್ದರು. ಆರನೇ ಕಲ್ಲಿನ ಹುಡುಗನ ತಾಯಿ. "ಸಾಹೇಬ್ರೇ, ಅಲ್ಲಿ ಯಾರೂ ಇಲ್ಲ ಅಂದಿದ್ರಲ್ಲ? ಪ್ರತಿ ವರ್ಷ ಮಗನ ಪಕ್ಕ ಅಂತ ನಾನು ಅಲ್ಲೇ ಕೂತ್ಕೊಳ್ಳೋದು."

ಅತ್ತೆ ಸ್ಟ್ಯಾಂಡ್ ಕೆಳಗಿಟ್ಟಳು. "ನನ್ನ ತಮ್ಮ ಇದ್ದಾನೆ ತಾಯಿ. ಆ ಲಾರಿ ಓಡಿಸಿದವನು."

"ನನ್ನ ಮಗನ್ನ ಹತ್ತಿಸಿಕೊಂಡವನು?"

"ಹೂಂ."

"ಅಯ್ಯೋ ಶಿವನೇ" ಅಂದರು ಅಜ್ಜಿ. "ಅವನ ಎದೆ ಮೇಲೆ ನನ್ನ ಚೀಲ ಇಡ್ತಿದ್ದೆನಲ್ಲಪ್ಪಾ." ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನ ಎಳ್ಕೊಂಡು ಹೋಗಿ, ಚಿತ್ರದ ಏಳನೇ ಜಾಗದ ಕೆಳಗೆ ಹಾಕಿ ಕೂತರು.

"ಇದನ್ನ ಇಳಿಸೋರು ಮೊದಲು ನನ್ನನ್ನ ಎತ್ತಲಿ."

ಅತ್ತೆಯೂ ಒಂದು ಕುರ್ಚಿ ಎಳ್ಕೊಂಡು ಹೋಗಿ ಪಕ್ಕದಲ್ಲಿ ಕೂತಳು. ಆಮೇಲೆ ಕುರ್ಚಿ ಎಳೆಯೋ ಸದ್ದೇ ಸದ್ದು. ಹನ್ನೆರಡು ಮನೆಯವರೂ ಬಂದರು. ಸಾಹೇಬರು ಮೈಕ್ ಹಿಡಿದುಕೊಂಡೇ ನಿಂತಿದ್ದರು.

ಚಿತ್ರ ಇನ್ನೂ ಅದೇ ಗೋಡೆ ಮೇಲಿದೆ, ಕಾಗೆ, ಪೈಪು ಸಮೇತ. ಕಲ್ಲು ಇನ್ನೂ ಬಂದಿಲ್ಲ. ಈಗ ಅತ್ತೆಯ ಅರ್ಜಿಗೆ ಹದಿಮೂರು ಸಹಿ ಬೀಳುತ್ತೆ, ಮೊದಲನೇದು ಆ ಅಜ್ಜಿಯದು. ನಾನು ದಿನಾ ಬೆಳಗ್ಗೆ ಕ್ಯಾಮೆರಾ ಬ್ಯಾಟರಿ ಚಾರ್ಜ್ ಮಾಡಿ ಇಡ್ತೀನಿ.