ಖಾಲಿ ಪೆಟ್ಟಿಗೆಯ ಮುಂದೆ

ಫಲಿತಾಂಶ ಬಂದ ಮರುದಿನ ಬೊಕಾಸೆಕಾದಲ್ಲಿ ಯಾರೂ ಅಳಲಿಲ್ಲ. ಬಟ್ಟೆ ಒಗೆದರು. ಅತ್ರಾತೊ ನದಿಯ ದಡಕ್ಕೆ ಕಟ್ಟಿದ ಮರದ ತೆಪ್ಪಗಳ ಮೇಲೆ ಹೆಂಗಸರು ಸಾಲಾಗಿ ಕೂತು, ಎಂದಿಗಿಂತ ಜೋರಾಗಿ, ಕೈಗೆ ಯಾರದೋ ಬೆನ್ನು ಸಿಕ್ಕಿದ ಹಾಗೆ ಬಡಿದರು.

ದೇಶಕ್ಕೆಲ್ಲ ಒಂದೇ ಪ್ರಶ್ನೆ ಕೇಳಿದ್ದರು: ಕಾಡಿನವರ, ಅಂದರೆ ಬಂಡುಕೋರರ, ಜೊತೆ ಸರ್ಕಾರ ಮಾಡಿಕೊಂಡ ಶಾಂತಿ ಒಪ್ಪಂದ ಬೇಕೋ, ಬೇಡವೋ. ಕಾಡಿನವರು, ಪಟ್ಟೆ ಸಮವಸ್ತ್ರದ ಸೈನಿಕರು, ಯಾವ ಸಮವಸ್ತ್ರವೂ ಇಲ್ಲದ ಖಾಸಗಿ ಪಡೆಯವರು, ಮೂವರ ಬಂದೂಕಿನ ನಡುವೆ ಬಾಳಿದ ಬೊಕಾಸೆಕಾ ಹೆಚ್ಚುಕಮ್ಮಿ ಒಂದೇ ಬಾಯಲ್ಲಿ 'ಬೇಕು' ಅಂದಿತ್ತು. ಬೆಟ್ಟದ ಮೇಲಿನ ದೊಡ್ಡ ಊರುಗಳು, ಯುದ್ಧವನ್ನು ಟಿ.ವಿ.ಯಲ್ಲಿ ನೋಡಿದ ಊರುಗಳು, 'ಬೇಡ' ಅಂದವು. ಕೂದಲೆಳೆಯ ಅಂತರದಲ್ಲಿ 'ಬೇಡ' ಗೆದ್ದಿತು.

ಊರಿನ ಹುಡುಗಿ ಯರ್ಲೇನಿಯ ಫೋನಿಗೆ ಕಿಬ್ದೊ ನಗರದಿಂದ ಸಂದೇಶ ಬಂದದ್ದು ಆಗಲೇ. ಅಲ್ಲಿನ ವಿಶ್ವವಿದ್ಯಾಲಯದ ಹುಡುಗ ಲೆಯಾಂದ್ರೊ ಬರೆದಿದ್ದ: ಶುಕ್ರವಾರ ಮೆರವಣಿಗೆ. 'ಶಾಂತಿ' ಅಂತ ಬರೆದ ಶವಪೆಟ್ಟಿಗೆ ಹೊತ್ತು ನಡೀತೀವಿ. ನಿಮ್ಮೂರ ಹಾಡುಗಾತಿಯರು ಕಪ್ಪು ಬಟ್ಟೆಯಲ್ಲಿ ಬಂದು, ಪೆಟ್ಟಿಗೆಯ ಮುಂದೆ ಅಲಬಾವೊ ಹಾಡಬೇಕು.

ಅಲಬಾವೊ ಅಂದರೆ ಸತ್ತವರನ್ನು ಕಳಿಸಿಕೊಡುವ ಹಾಡು. ವಾದ್ಯವಿಲ್ಲ, ತಾಳವಿಲ್ಲ. ಒಬ್ಬಳು ಎತ್ತುತ್ತಾಳೆ, ಉಳಿದವರು ಹಿಂದೆ ಹಿಡಿಯುತ್ತಾರೆ. ಬೊಕಾಸೆಕಾದಲ್ಲಿ ಎತ್ತುವವಳು ಯರ್ಲೇನಿಯ ತಾಯಿ ಎಸಿಲ್ದಾ. ಆಕೆ ಬಾಯಿ ತೆರೆಯದೆ ಇನ್ನೊಬ್ಬರು ತೆರೆಯುವ ಹಾಗಿಲ್ಲ. ಯರ್ಲೇನಿ ತಾಯಿಯನ್ನು ಕೇಳದೆಯೇ 'ಬರ್ತೀವಿ' ಅಂತ ಒತ್ತಿಬಿಟ್ಟಳು. ಸಂಜೆಯೊಳಗೆ ಎಸಿಲ್ದಾಳ ಹೆಸರು ಹಾಕಿದ ಮೆರವಣಿಗೆಯ ಪೋಸ್ಟರು ನದಿಯುದ್ದಕ್ಕೂ ಫೋನಿನಿಂದ ಫೋನಿಗೆ ಓಡುತ್ತಿತ್ತು.

ಇಗರ್ಜಿಯ ತಗಡಿನ ಚಾವಣಿಯ ಕೆಳಗೆ ಊರು ಸೇರಿತು. ಮೊದಲು ಎದ್ದವನು ಎಲ್ಸಿಯಾಸ್, ಎಸಿಲ್ದಾಳ ತಮ್ಮ. ಊರಿನ ದೊಡ್ಡ ಮೋಟಾರು ದೋಣಿ ಅವನದು.

"ನಾನೂ ಬೇಕು ಅಂತಾನೇ ಹಾಕಿದ್ದು. ಸೋತ್ವಿ. ಸೋತ ಮೇಲೆ ಬೀದಿಗಿಳಿದು ಒಪ್ಪಲ್ಲ ಅನ್ನೋದಾದ್ರೆ ವೋಟು ಯಾಕೆ ಹಾಕ್ಬೇಕಿತ್ತು? ಯಾವ ಎಣಿಕೇನೂ ಒಪ್ಪದೆ ಬಂದೂಕು ಹಿಡ್ಕೊಂಡು ಕಾಡಿಗೆ ಹೋದೋರನ್ನ ಇಷ್ಟು ವರ್ಷ ಬೈದೋರು ನಾವೇ ತಾನೆ?"

"ನಮ್ಮ ಹತ್ರ ಬಂದೂಕು ಎಲ್ಲಿದೆ ಮಾವ? ಹಾಡು ತಗೊಂಡು ಹೋಗ್ತಿದೀವಿ," ಅಂದಳು ಯರ್ಲೇನಿ.

"ನಿನ್ನ ಗಂಟಲು ಬಂದೂಕಿಗೇನು ಕಮ್ಮಿ ಇಲ್ಲ."

ಜನ ನಕ್ಕರು. ಮೀನು ಮಾರುವ ದೊಮಿತಿಲಾ ಹಿಂದಿನಿಂದ ಕೂಗಿದಳು. "ಅವನಿಗೆ ದೋಣಿ ಪೆಟ್ರೋಲಿನ ಚಿಂತೆ ಕಣ್ರೇ, ನ್ಯಾಯ ಅನ್ಯಾಯದ್ದಲ್ಲ."

"ಪೆಟ್ರೋಲ್ ನೀನು ಹಾಕು, ಚಿಂತೇನೂ ನಿಂಗೇ ಬಿಟ್ಕೊಡ್ತೀನಿ."

ಯರ್ಲೇನಿ ಬೆಂಚಿನ ಮೇಲೆ ಹತ್ತಿ ನಿಂತಳು. "ಮಾವ ಹೇಳಿದ್ದು ಸುಳ್ಳಲ್ಲ. ಆದ್ರೆ ಟಿ.ವಿ. ನೋಡಿದ್ರಾ? ಬೇಡ ಅಂದೋರು ಏನಂತಿದಾರೆ? ನೊಂದೋರ ಪರವಾಗಿ ಬೇಡ ಅಂದ್ವಿ ಅಂತ. ನೊಂದೋರು ಯಾರು? ನಾವು. ನಮ್ಮನ್ನ ಯಾರು ಕೇಳಿದ್ರು? ನಾವು ಸುಮ್ನೆ ಕೂತ್ರೆ ನಮ್ಮ ಹೆಸರೂ ಅವರ ಲೆಕ್ಕಕ್ಕೇ ಸೇರಿಹೋಗುತ್ತೆ."

ಯಾರೂ ನಗಲಿಲ್ಲ. ಎಲ್ಲರೂ ಎಸಿಲ್ದಾಳ ಕಡೆ ತಿರುಗಿದರು. ಆಕೆ ಕಂಬಕ್ಕೊರಗಿ ಕೂತು ಒಂದು ಕಾಲನ್ನು ಇನ್ನೊಂದರಿಂದ ತಿಕ್ಕುತ್ತಿದ್ದಳು.

"ಪೆಟ್ಟಿಗೆ ಒಳಗೆ ಯಾರಿದಾರೆ?" ಅಂತ ಕೇಳಿದಳು.

"ಯಾರೂ ಇಲ್ಲಮ್ಮ. ಶಾಂತಿ ಸತ್ತುಹೋಯ್ತು ಅಂತ ಅದರ ಅರ್ಥ."

"ಸತ್ತಿದ್ದನ್ನ ಯಾರು ನೋಡಿದ್ರು?"

ಎಸಿಲ್ದಾ ಸೊಂಟ ಹಿಡಿದುಕೊಂಡು ಎದ್ದಳು. "ಹೆಣ ಇಲ್ಲದೆ ನಾನು ಹಾಡಲ್ಲ," ಎಂದು ಮನೆ ಕಡೆ ನಡೆದಳು. ಅವಳ ಬೆನ್ನು ಕಾಣದಾದ ಮೇಲೆ ಸಭೆ ತಾನಾಗಿ ಕರಗಿತು.

ಮನೆಯಲ್ಲಿ ತಾಯಿ ಮೀನಿನ ಹುರುಪೆ ತೆಗೆಯುತ್ತಿದ್ದಳು. ಯರ್ಲೇನಿ ಬಾಗಿಲಲ್ಲೇ ನಿಂತಳು. ನಾಚಿಕೆ, ಸಿಟ್ಟು, ಯಾವುದು ಹೆಚ್ಚು ಅಂತ ಅವಳಿಗೇ ಗೊತ್ತಾಗಲಿಲ್ಲ. ಮಾತು ಕೊಟ್ಟಾಗಿತ್ತು. ತಾಯಿ ಹಾಡದಿದ್ದರೆ ಇಡೀ ಕಿಬ್ದೊ ತನ್ನನ್ನು ನೋಡಿ ನಗುತ್ತದೆ. ನೋವಾಗಲಿ ಅಂತಲೇ ಒಂದು ಮಾತು ಆಡಿದಳು.

"ವಿಲ್ಮಾರ್‌ಗೂ ನೀನು ಹಾಡ್ಲಿಲ್ಲ."

ಚಾಕು ನಿಲ್ಲಲಿಲ್ಲ. "ಇಲ್ಲ. ಹಾಡ್ಲಿಲ್ಲ."

ವಿಲ್ಮಾರ್ ಯರ್ಲೇನಿಯ ಅಣ್ಣ. ಮೀಸೆ ಮೂಡುವ ವಯಸ್ಸಿನಲ್ಲಿ ಕಾಡಿನವರು ದೋಣಿಯಿಂದಿಳಿಸಿ ಕರೆದುಕೊಂಡು ಹೋದರು. ಅಷ್ಟೇ. ಮೂಳೆ ಇಲ್ಲ, ಅಂಗಿ ಇಲ್ಲ. ನದಿಯ ಎರಡೂ ದಡದ ಸಾವುಗಳಿಗೆ ಹಾಡಿದ ಎಸಿಲ್ದಾ ಮಗನಿಗೆ ಒಂದು ಸಾಲು ಎತ್ತಲಿಲ್ಲ. ದುಃಖಕ್ಕೆ ಗಂಟಲು ಕಟ್ಟಿದೆ ಅಂದುಕೊಂಡರು ಊರವರು. ಯರ್ಲೇನಿಯೂ ಹಾಗೇ ಅಂದುಕೊಂಡಿದ್ದಳು.

"ಹಾಡು ಅಂದ್ರೆ ಏನಂದ್ಕೊಂಡಿದೀಯ?" ಅಂದಳು ತಾಯಿ. "ಒಂಬತ್ತನೇ ದಿನ ಹೂವು ದೀಪ ಎಲ್ಲ ತೆಗೆದು, ಬಾಗಿಲಲ್ಲಿ ದಾರಿ ಬಿಟ್ಟು, ಹೋಗಿಬಾರಪ್ಪ ಅಂತ ಹಾಡಿ ಕಳಿಸ್ತೀವಿ. ಕಳಿಸಿದ್ರೆ ಮುಗೀತು. ಅವನನ್ನ ಎಲ್ಲಿಂದ ಕಳಿಸ್ಲಿ? ಎಲ್ಲಿದಾನೆ ಅಂತಾನೇ ಗೊತ್ತಿಲ್ವಲ್ಲ."

"ಅಮ್ಮ..."

"ಆ ಒಪ್ಪಂದದಲ್ಲಿ ಇತ್ತು, ಕಾಣೆಯಾದೋರನ್ನ ಹುಡುಕಿ ಮನೆಗೆ ಕೊಡ್ತೀವಿ ಅಂತ. ಪಾದ್ರಿ ಓದಿ ಹೇಳಿದ್ರು. ಅದಕ್ಕೇ ಬೇಕು ಅಂತ ಹಾಕ್ದೆ. ಕಾಡಿನೋರ ಮೇಲೆ ಕನಿಕರಕ್ಕಲ್ಲ." ಎಸಿಲ್ದಾ ಮೀನನ್ನು ಮಗುಚಿ ಇನ್ನೊಂದು ಮಗ್ಗುಲು ಶುರುಮಾಡಿದಳು. "ಈಗ ನಾನು ಹೋಗಿ ಆ ಒಪ್ಪಂದಕ್ಕೆ ಅಲಬಾವೊ ಹಾಡಿದ್ರೆ, ಅದನ್ನೂ ಕಳಿಸಿಕೊಟ್ಟ ಹಾಗೆ. ಅದರ ಹಿಂದೇನೇ ಅವನೂ ಹೋದ. ಹೆತ್ತ ಮಗನಿಗೆ ಹಾಡದೋಳು ಕಾಗದಕ್ಕೆ ಹಾಡ್ಲಾ?"

ಹೊರಗೆ ಮಳೆ ಹಿಡಿಯಿತು. ಯರ್ಲೇನಿ ಒಳಗೆ ಬಂದು ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ತನಗೆ ಇದು ತಿಳಿದಿರಲಿಲ್ಲ. ತಾಯಿಯ ಮೌನ ಸೋಲಿನದು ಅಂದುಕೊಂಡಿದ್ದಳು, ಅದು ಹಟದ್ದಾಗಿತ್ತು.

ಆದರೂ ಅವಳು ಎಸಿಲ್ದಾಳ ಮಗಳೇ. ಬಿಡಲಿಲ್ಲ.

"ಹಂಗಾದ್ರೆ ಬಂದು ಇದನ್ನೇ ಹೇಳು. ಇಲ್ಲಿ ಮೀನಿಗೆ ಹೇಳಿದ್ರೆ ಯಾರಿಗೆ ಕೇಳುತ್ತೆ?"

"ಮೀನು ಎದುರುತ್ತರ ಕೊಡಲ್ಲ."

"ಅಮ್ಮ, ಅವನನ್ನ ಹುಡುಕ್ಬೇಕಾದೋರು ಬೆಟ್ಟದ ಮೇಲಿನ ದೊಡ್ಡ ಊರಲ್ಲಿದಾರೆ. ನೀನು ಕಾಯ್ತಿದೀಯ ಅಂತ ಅವರಿಗೇನು ಗೊತ್ತು?"

ಎಸಿಲ್ದಾ ಚಾಕು ಒರೆಸಿದಳು. "ಕಪ್ಪು ಬಟ್ಟೆ ಹಾಕಲ್ಲ," ಅಂದಳು. "ಹಾಡೋದೂ ಇಲ್ಲ. ಆ ಹುಡುಗರಿಗೆ ನೀನೇ ಹೇಳ್ಬೇಕು."

ಶುಕ್ರವಾರ ಎಲ್ಸಿಯಾಸ್ ಯಾರೂ ಕೇಳದೆಯೇ ದೋಣಿಯನ್ನು ನದಿಯ ಮೆಟ್ಟಿಲಿಗೆ ತಂದು ನಿಲ್ಲಿಸಿದ. "ಕರ್ಕೊಂಡು ಹೋಗ್ತೀನಿ, ಕರ್ಕೊಂಡು ಬರ್ತೀನಿ. ಮೆರವಣಿಗೆಗೆ ಮಾತ್ರ ಬರಲ್ಲ."

"ಕರೆದೋರು ಯಾರು?" ಅಂದಳು ದೊಮಿತಿಲಾ, ಅವನ ಕೈ ಹಿಡಿದುಕೊಂಡೇ ಹತ್ತುತ್ತ.

ಕಿಬ್ದೊದಲ್ಲಿ ಊರ ಸಂತ ಸಾನ್ ಪಾಚೊನ ಹಬ್ಬದ ಬಣ್ಣದ ಕಾಗದಗಳು ಇನ್ನೂ ತಂತಿಯಲ್ಲಿ ನೇತಾಡುತ್ತಿದ್ದವು. ಅದರ ಕೆಳಗೆ ಬೀದಿ ತುಂಬ ಕಪ್ಪು ಬಟ್ಟೆ, ತುಟಿ ಬಿಗಿದ ಮುಖಗಳು. ಆ ಕಪ್ಪಿನೊಳಕ್ಕೆ ಬೊಕಾಸೆಕಾದ ಹೆಂಗಸರು ಹಬ್ಬದ ಬಟ್ಟೆಯಲ್ಲಿ ಇಳಿದರು. ಹಳದಿ, ಕಿತ್ತಳೆ, ದೊಮಿತಿಲಾಳದಂತೂ ಕಣ್ಣು ಕುಕ್ಕುವ ಹಸಿರು. ನಾಲ್ಕು ಹುಡುಗರು ಬಿಳಿ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದರು.

ಲೆಯಾಂದ್ರೊ ಓಡಿ ಬಂದ. "ಯರ್ಲೇನಿ, ಬಟ್ಟೆ..."

"ಬಟ್ಟೆ ಸರಿಯಾಗೇ ಇದೆ. ಅಮ್ಮ ಹಾಡಲ್ಲ."

"ರಾಜಧಾನಿ ಬೊಗೊಟಾದಿಂದ ಕ್ಯಾಮೆರಾ ಬಂದಿದೆ. ಎಲ್ರಿಗೂ ಹೇಳಿಬಿಟ್ಟಿದೀವಿ."

"ಮಾತು ಕೊಟ್ಟಿದ್ದು ನಾನು. ವಾಪಸ್ ತಗೊಳ್ಳೋಳೂ ನಾನೇ. ಮೈಕ್ ಕೊಡು." ಅವನು ಅಲ್ಲಾಡಲಿಲ್ಲ. "ಕೊಡೋ. ನಿನ್ನ ಮರ್ಯಾದೆ ಉಳಿಸೋಕೇ ಕೇಳ್ತಿರೋದು."

ಅವಳು ಮೈಕ್ ಹಿಡಿದಳು. ಶುರುಮಾಡುವ ಮೊದಲೇ ಹಾರ್ಡ್‌ವೇರ್ ಅಂಗಡಿಯ ಬಾಗಿಲಿನಿಂದ ಒಬ್ಬ ದಪ್ಪ ಮನುಷ್ಯ ಕೂಗಿದ. "ಸೋತಿದೀರಲ್ಲಮ್ಮ, ಮನೆಗೆ ಹೋಗಿ. ಗೆಲ್ಲೋ ತನಕ ಎಣಿಸ್ತಾನೇ ಇರ್ಬೇಕಾ?"

ಕಪ್ಪು ಬಟ್ಟೆಯವರು ಅವನ ಮೇಲೆ ಏರಿಹೋಗುವವರಂತೆ ತಿರುಗಿದರು. ಯರ್ಲೇನಿ ಮೈಕಿನಲ್ಲೇ ತಡೆದಳು. "ಬಿಡಿ, ಅವರು ಕೇಳಿದ್ದು ನ್ಯಾಯ. ನಮ್ಮ ಮಾವನೂ ಅದನ್ನೇ ಕೇಳಿದ್ರು." ಉಸಿರು ತೆಗೆದುಕೊಂಡಳು. "ಮತ್ತೆ ಎಣಿಸಿ ಅಂತ ನಾವು ಬಂದಿಲ್ಲ ಅಣ್ಣ. ಬೇಡ ಅಂದಿದ್ದು ಕೇಳಿಸ್ತು, ನಮ್ಮೂರಿನ ತನಕ ಕೇಳಿಸ್ತು. ನಾವು ಬೇಕು ಅಂದಿದ್ದು ಅಲ್ಲಿಗೆ ಮುಟ್ಲಿಲ್ಲ. ಅದಕ್ಕೆ ಬಂದು ಹೇಳ್ತಿದೀವಿ. ಮಕ್ಕಳನ್ನ, ಗಂಡಂದಿರನ್ನ ಕಳ್ಕೊಂಡಿರೋರು ನಾವು. ಬೇಕು ಅಂದೋರೂ ನಾವೇ. ಇವತ್ತೂ ಬೇಕು ಅಂತೀವಿ. ನಮ್ಮ ಪಾಲಿಗೆ ಅದು ಸತ್ತಿಲ್ಲ. ಸಾಯದೇ ಇರೋದಕ್ಕೆ ನಮ್ಮ ಕಡೆ ಹಾಡಲ್ಲ. ಹಾಡ್ತೀವಿ ಅಂತ ನಿಮಗೆ ಮಾತು ಕೊಟ್ಟಿದ್ದು ನನ್ನ ತಪ್ಪು."

ಚಪ್ಪಾಳೆ ಬೀಳಲಿಲ್ಲ. ಗೊಣಗಾಟ ಎದ್ದಿತು. ಯಾರೋ "ಹಾಗಾದ್ರೆ ಬಂದಿದ್ದು ಯಾಕೆ?" ಅಂದರು, ಯಾರೋ "ಸುಮ್ನಿರಿ, ಹೇಳ್ಲಿ" ಅಂದರು. ಅಷ್ಟರಲ್ಲಿ ಎಸಿಲ್ದಾ ಪೆಟ್ಟಿಗೆ ಹೊತ್ತ ಹುಡುಗರ ಹತ್ತಿರ ಹೋಗಿದ್ದಳು.

"ಇಳಿಸಿ ಮಕ್ಕಳೇ. ಹೆಗಲು ನೋಯುತ್ತೆ."

ಅವರು ಲೆಯಾಂದ್ರೊನನ್ನು ನೋಡಿದರು, ಆಮೇಲೆ ಮುದುಕಿಯನ್ನು. ಇಳಿಸಿದರು. ಎಸಿಲ್ದಾ ಲಂಗ ಸರಿಮಾಡಿಕೊಂಡು ಪೆಟ್ಟಿಗೆಯ ಮೇಲೆ ಕೂತಳು. 'ಶಾಂತಿ' ಎಂಬ ಕಪ್ಪು ಅಕ್ಷರ ಅವಳ ಹಳದಿ ಬಟ್ಟೆಯ ಕೆಳಗೆ ಮುಚ್ಚಿಹೋಯಿತು. ದೊಮಿತಿಲಾ ಒಬ್ಬಳೇ ನಕ್ಕಳು, ಬಾಯಿಗೆ ಕೈ ಅಡ್ಡ ಇಟ್ಟು.

ಯರ್ಲೇನಿ ಮೈಕನ್ನು ತಾಯಿಯ ಬಾಯಿಯ ಹತ್ತಿರ ಹಿಡಿದಳು.

"ನನ್ನ ಮಗ ವಿಲ್ಮಾರ್," ಅಂದಳು ಎಸಿಲ್ದಾ. "ಇನ್ನೂ ಮನೆಗೆ ಬಂದಿಲ್ಲ. ಕರ್ಕೊಂಡು ಹೋದೋರು ಅವನೆಲ್ಲಿದಾನೆ ತೋರಿಸ್ತೀವಿ ಅಂತ ಮಾತು ಕೊಟ್ಟಿದಾರೆ. ನಾನು ಆ ಮಾತನ್ನ ಅವರಿಗೆ ವಾಪಸ್ ಕೊಡಲ್ಲ. ಅವನ ಮೂಳೆ ಬಂದ ದಿನ ಹಾಡ್ತೀನಿ. ಅವತ್ತಿನ ತನಕ ಗಂಟಲು ಕಾಪಾಡ್ಕೋತೀನಿ. ಅವತ್ತು ನೀವೆಲ್ಲ ಬರ್ಬೇಕು. ಕಾಫಿ ಇರುತ್ತೆ, ಮೀನಿನ ಸಾರು ಇರುತ್ತೆ, ಜಾಗರಣೆಗೆ ದೊಮಿನೊ ಆಡೋಕೆ ಮೇಜು ಹಾಕ್ತೀವಿ." ಅಂಗಡಿಯ ಕಡೆ ಕತ್ತು ಚಾಚಿದಳು. "ನೀನೂ ಬಾರಪ್ಪ. ಬೇಡ ಅಂದೋರು ಬರ್ಬಾರ್ದು ಅಂತೇನಿಲ್ಲ."

ಜನರ ಅಂಚಿನಲ್ಲಿ, ಮೆರವಣಿಗೆಗೂ ದೋಣಿಕಟ್ಟೆಗೂ ನಡುವೆ, ಎಲ್ಸಿಯಾಸ್ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಯಾವಾಗ ಮೇಲೆ ಬಂದನೋ ಯಾರಿಗೂ ಗೊತ್ತಿಲ್ಲ.

"ಯಾವ ಊರಮ್ಮ ನಿಮ್ದು?" ಅಂಗಡಿಯ ಬಾಗಿಲಿನ ದಪ್ಪ ಮನುಷ್ಯ ಕೇಳಿದ. ದನಿ ಇಳಿದಿತ್ತು, ವ್ಯಂಗ್ಯವೋ ಅಲ್ಲವೋ ಹೇಳುವಂತಿರಲಿಲ್ಲ.

ಎಸಿಲ್ದಾ ಮಗಳ ಕಡೆ ನೋಡಿದಳು. ಯರ್ಲೇನಿ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡು, ನದಿಯ ಆಚೆ ದಡಕ್ಕೂ ಮುಟ್ಟುವಷ್ಟು ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ಬೊಕಾಸೆಕಾ."